ಎರಡು ಬೆರಳಗಲ ಸತ್ತ ಜಾಗ

ನನಗಾಗ ಮೂವತ್ತಮೂರು. ಅದಾಗಿ ಐವತ್ತೆರಡು ವರ್ಷವಾಯಿತು.

ನಾವು ಬೀದರ್ ಕಡೆಯವರು. ಗಂಡನ ಕೆಲಸಕ್ಕಾಗಿ ನಾಶಿಕದಲ್ಲಿದ್ದೆವು. ಅವರು ಓಝರ್ ಕಡೆಯ ಒಂದು ಕಾರ್ಖಾನೆಯಲ್ಲಿ ವೈರ್‌ಮನ್. ಏಣಿ ಹತ್ತಿ ದೀಪ ಕಟ್ಟುವುದು, ಫ್ಯೂಸ್ ಹಾಕುವುದು, ಮೋಟಾರಿಗೆ ಲೈನ್ ಎಳೆಯುವುದು. ವಯಸ್ಸು ನಲವತ್ತೊಂದು. ಸಾಲುಮನೆಗಳ ಚಾಳಿನಲ್ಲಿ ಎರಡು ಖೋಲಿಯ ಮನೆ, ನಳ ಹೊರಗೆ. ಮನೆಯಲ್ಲಿ ನಾವಿಬ್ಬರು, ಇಬ್ಬರು ಹೆಣ್ಣುಮಕ್ಕಳು, ನನ್ನ ಅತ್ತೆ.

ಆ ವರ್ಷ ಚೈತ್ರದ ಬಿಸಿಲಲ್ಲಿ ಒಂದು ಸಂಜೆ ಕೆಲಸದಿಂದ ಬಂದವರು ಎದೆಗೆ ಕೈ ಒತ್ತಿಕೊಂಡು ಗೋಡೆಗೆ ಒರಗಿ ಕೂತರು. ಅಂಗಿ ನೀರಲ್ಲಿ ಅದ್ದಿದಂತೆ ಒದ್ದೆಯಾಗಿತ್ತು. "ವಾಯು ಅದ" ಅಂದರು. ಅತ್ತೆ ಅಜವಾನ ಜಗಿಯಲು ಕೊಟ್ಟರು. ನಾನು ಸೋಡಾ ತರಿಸಿದೆ. ಎರಡು ದಿನ ಮಲಗಿದರು. ಮೂರನೆಯ ದಿನ ಎದ್ದು ಬಸ್ಸು ಹತ್ತಿ ಕೆಲಸಕ್ಕೆ ಹೋದರು. ಮತ್ತೆ ಅದರ ಮಾತೇ ಬರಲಿಲ್ಲ. ಆ ಎರಡು ದಿನದಲ್ಲಿ ಅವರ ಹೃದಯದ ಒಂದು ತುಂಡು ಸತ್ತು ಹೋಗಿತ್ತು. ಮನೆಯಲ್ಲಿ ಒಂದು ಸಾವಾಗಿದೆ ಎಂದು ನಮಗೆ ಯಾರಿಗೂ ಗೊತ್ತಾಗಲಿಲ್ಲ. ನಾವು ಸೋಡಾ ಕುಡಿಸಿದೆವು.

ಅದಾದ ಎರಡೂವರೆ ತಿಂಗಳಿಗೆ ಔರಂಗಾಬಾದಿಗೆ ಹೋದೆವು. ಈಗ ಆ ಊರಿಗೆ ಛತ್ರಪತಿ ಸಂಭಾಜಿನಗರ ಅನ್ನುತ್ತಾರೆ, ನನ್ನ ಬಾಯಿಗೆ ಹಳೆಯ ಹೆಸರೇ ಬರುತ್ತದೆ. ಅಲ್ಲಿ ಗಂಡನ ಅಕ್ಕನ ಮನೆ, ಅವಳ ಮೊಮ್ಮಗುವಿನ ತೊಟ್ಟಿಲ ಕಾರ್ಯ ಇತ್ತು. ಮನ್ಮಾಡದಲ್ಲಿ ರೈಲು ಇಳಿದು ಸಣ್ಣ ಹಳಿಯ ಗಾಡಿ ಹತ್ತಬೇಕು. ಅವರೇ ಟ್ರಂಕು ಹೊತ್ತು ಸೇತುವೆ ಹತ್ತಿ ಇಳಿದರು. ಏನೂ ಆಗಲಿಲ್ಲ. ಮರುದಿನ ಊಟದ ಪಂಕ್ತಿಯಲ್ಲಿ ಸುಮ್ಮನೆ ಕೂತಾಗ ಆಯಿತು. ಹೋಳಿಗೆಯ ತುತ್ತನ್ನು ಎಲೆಯ ಮೇಲೆ ವಾಪಸ್ ಇಟ್ಟರು.

"ಎದಿ ಓಡ್ಲತ್ತದ" ಅಂದರು.

ನೋಡಿದೆ. ಕುತ್ತಿಗೆಯ ನರ ಹಲ್ಲಿಯ ಗಂಟಲಿನ ಹಾಗೆ ಪಟಪಟ ಹೊಡೆದುಕೊಳ್ಳುತ್ತಿತ್ತು. ಕೈ ಇಟ್ಟರೆ ಎಣಿಸಲು ಬರಲಿಲ್ಲ. ಮುಖ ಬೂದಿಯಾಯಿತು. ಎತ್ತಿಕೊಂಡು ಊರಿನ ದೊಡ್ಡಾಸ್ಪತ್ರೆಗೆ ಹೋದೆವು.

ಅಲ್ಲಿಯ ಡಾಕ್ಟರು ಕಲಬುರಗಿ ಕಡೆಯವರು. ನಮ್ಮ ಮಾತು ಕೇಳಿ ಕನ್ನಡದಲ್ಲೇ ಮಾತಾಡಿದರು. ಎದೆಬಡಿತದ ಇಸಿಜಿ ಪಟ್ಟಿ ತೆಗೆಯಬೇಕು, ಮೈಮೇಲಿನ ಲೋಹವೆಲ್ಲ ತೆಗೆಯಿರಿ ಎಂದು ನರ್ಸ್ ಅಂದಳು. ನನ್ನ ಗಂಡನ ಎದೆಯ ಮೇಲೆ ಬೆಳ್ಳಿಯ ಕರಡಿಗೆ ಇತ್ತು, ಅದರೊಳಗೆ ಇಷ್ಟಲಿಂಗ. ನಾವು ಲಿಂಗವಂತರು. ಜೀವ ಇರುವ ತನಕ ಅದು ಮೈ ಬಿಟ್ಟು ಹೋಗಬಾರದು.

"ಜೀವ ಹೋದ್ರೂ ತೆಗಿಯಂಗಿಲ್ಲ" ಅಂದರು ಗಂಡ. ಅಷ್ಟು ಹೇಳಲು ಮೂರು ಸಲ ಉಸಿರು ತೆಗೆದುಕೊಂಡರು.

"ತೆಗಿಬ್ಯಾಡ್ರಿ, ಬ್ಯಾಡ. ಜೀವ ಇದ್ರ ಲಿಂಗ ಎಲ್ಲಿ ಹೋಗ್ತದ?" ಎಂದು ಡಾಕ್ಟರು ನನ್ನ ಕಡೆ ತಿರುಗಿದರು. "ಅಕ್ಕಾ, ದಾರ ಹಿಡದು ಹೆಗಲ ಕಡಿ ಎತ್ರಿ. ಅವರ ಮೈ ಮಾತ್ರ ಮುಟ್ಟಬ್ಯಾಡ್ರಿ."

ನಾನು ಶಿವದಾರ ಹಿಡಿದು ನಿಂತೆ. ಅವರ ಎದೆಗೆ ರಬ್ಬರಿನ ಸಣ್ಣ ಬಟ್ಟಲು ಅಂಟಿಸಿದರು, ಕೈಕಾಲಿಗೆ ಪಟ್ಟಿ ಕಟ್ಟಿದರು. ಮಷೀನಿನಿಂದ ಕಾಗದ ಬಂತು. ಗೆರೆ ಗರಗಸದ ಹಲ್ಲಿನಂತಿತ್ತು, ಒಂದಕ್ಕೊಂದು ಅಂಟಿಕೊಂಡು, ನಡುವೆ ಜಾಗವೇ ಇಲ್ಲ. ಸೂಜಿ ಚುಚ್ಚಿ ನರಕ್ಕೆ ಔಷಧ ಬಿಟ್ಟರು. ಸುಮಾರು ಹೊತ್ತು ಏನೂ ಆಗಲಿಲ್ಲ. ಆಮೇಲೆ ಬಟನ್ ಒತ್ತಿದ ಹಾಗೆ ಒಮ್ಮೆಲೇ ನಿಂತು ಮಾಮೂಲಿ ಬಡಿತ ಬಂತು. ನಿಧಾನವಾಗಿ ಇಳಿದದ್ದಲ್ಲ. ಒಂದು ಗಳಿಗೆ ಓಟ, ಮರು ಗಳಿಗೆ ನಡಿಗೆ.

ಮರುದಿನ ಡಾಕ್ಟರು ಎರಡು ಕಾಗದ ತಂದರು, ಒಂದು ಓಡುತ್ತಿದ್ದಾಗಿನದು, ಒಂದು ನಿಂತ ಮೇಲಿನದು. ಗಂಡನ ಮಂಚದ ಮೇಲೆ ಹಾಸಿದರು. ಈ ಮೊದಲು ಎಂದಾದರೂ ಎದೆ ನೋವು ಬಂದಿತ್ತೇ ಎಂದು ಕೇಳಿದರು. ಚೈತ್ರದಲ್ಲಿ ಬಂದಿತ್ತು, ವಾಯು ಅಂದುಕೊಂಡೆವು ಎಂದೆ.

"ವಾಯು ಅಲ್ಲ. ರಕ್ತದ ಒಂದು ನಳಿಗಿ ಕಟ್ಟಿ ಹೃದಯದ ಇಷ್ಟು ಮಾಂಸ ಸತ್ತದ" ಎಂದು ಎರಡು ಬೆರಳು ಜೋಡಿಸಿ ತೋರಿಸಿದರು. "ಅಂದಾಜು. ಸತ್ತದ್ದು ಹೊಳ್ಳಿ ಬದುಕೂದಿಲ್ಲ. ಗಾಯದ ಕಲಿ ಆಗಿ ಅಲ್ಲೇ ಉಳೀತದ."

ಗಂಡ ದಿಂಬಿಗೆ ಒರಗಿ ಕೇಳುತ್ತಿದ್ದರು. ಕರೆಂಟಿನ ಮಾತು ಬಂದಾಗ ಎದ್ದು ಕೂತರು. ಹೃದಯ ಬಡಿಯುವುದು ಕರೆಂಟಿನಿಂದ ಎಂದು ನಾನು ಆವತ್ತೇ ಮೊದಲು ಕೇಳಿದ್ದು. ಮೇಲಿಂದ ಕರೆಂಟ್ ಹುಟ್ಟಿ ಮಾಂಸದಲ್ಲಿ ಹರಿಯುತ್ತದೆ, ಹರಿದಲ್ಲೆಲ್ಲ ಮಾಂಸ ಹಿಂಡುತ್ತದೆ, ಆಮೇಲೆ ಒಂದು ಕ್ಷಣ ಸುಸ್ತಾಗಿ ಸುಮ್ಮನಿರುತ್ತದೆ, ಮತ್ತೆ ತಯಾರಾಗುತ್ತದೆ. ಹೀಗೆ ಹೇಳಿದರು.

"ಹಂಗಾದ್ರ ಚಿಂತಿ ಏನ್ರೀ ಡಾಕ್ಟರ ಸಾಹೇಬ್ರ?" ಅಂದರು ಗಂಡ. "ನಾ ಇಪ್ಪತ್ತು ವರ್ಷ ಇದೇ ಕೆಲಸ ಮಾಡೀನಿ. ಸತ್ತ ತಂತಿ ಯಾರಿಗೂ ಹೊಡಿಯಂಗಿಲ್ಲ. ಹೊಡಿಯೂದು ಜೀವಂತ ತಂತಿ. ಸತ್ತ ಮಾಂಸದಾಗ ಕರೆಂಟ್ ಹೋಗಂಗಿಲ್ಲ ಅಂತೀರಿ. ಮತ್ತ ಅದು ಯಾರಿಗೆ ಏನ್ ಮಾಡ್ತದ?"

ಡಾಕ್ಟರು ನಕ್ಕರು. "ವೈರ್‌ಮನ್‌ಗೆ ಪಾಠ ಹೇಳೂದು ಕಷ್ಟ ಅದ ನೋಡ್ರಿ ಅಕ್ಕಾ. ಕೇಳ್ರಿ. ಪೂರ್ತಿ ಸತ್ತಿದ್ರ ನಿಮ್ಮ ಮಾತು ಖರೆ. ಅದರ ಅಂಚಿನ್ಯಾಗ ನಾಕು ಎಳಿ ಅರ್ಧಂಬರ್ಧ ಜೀವ ಹಿಡದು ಉಳಿದಿರ್ತಾವ. ಕರೆಂಟ್ ಸತ್ತ ಜಾಗಾ ಬಿಟ್ಟು ಸುತ್ತ ಹಾಯ್ತದ. ಸ್ವಲ್ಪ ಆ ಎಳಿಯೊಳಗ ಹೊಕ್ಕು ಕುಂಟಗೋತ ಬರ್ತದ. ಅದು ಹೊರಗ ಬೀಳೂದ್ರಾಗ ಚೊಲೋ ಮಾಂಸ ಬಡದು, ದಣಿವು ಆರಿಸಿಕೊಂಡು, ತಯಾರಾಗಿ ನಿಂತಿರ್ತದ. ಇದು ಬಂದು ಅದನ್ನ ಮತ್ತ ಬಡಸ್ತದ. ಬಡಿಸಿದ್ದೇ ಹೊಳ್ಳಿ ಎಳಿಯೊಳಗ ಹೊಕ್ತದ. ಗಾಣ ತಿರಗಿದಂಗ. ಸತ್ತದ್ದು ತಾ ಏನೂ ಮಾಡಂಗಿಲ್ಲ. ಅದರ ಸುತ್ತ ಬದುಕಿದ್ದು ಓಡಿ ಓಡಿ ಸಾಯ್ತದ."

ನಾನು ಅಂದೆ, "ರೊಟ್ಟಿ ಒಂದು ಕಡಿ ಹೊತ್ತಿ ಗಟ್ಟಿ ಆದ್ರ ಅಲ್ಲಿ ಉಬ್ಬಂಗಿಲ್ರಿ. ಉಗಿ ಆ ಗಟ್ಟಿ ಜಾಗಾ ಸುತ್ತಿ ಅಂಚು ಹರಕೊಂಡು ಬರ್ತದ. ಹಂಗೇನ್ರಿ?"

"ಹಂಗೇ. ಆದ್ರ ರೊಟ್ಟಿ ಉಗಿ ಒಮ್ಮೆ ಹೋಗ್ತದ. ಇದು ಹೋಗಂಗಿಲ್ಲ, ಸುತ್ತು ಹಾಕ್ತದ."

ಗಂಡ ಮಾತ್ರ ತಲೆ ಆಡಿಸುತ್ತಲೇ ಇದ್ದರು. ಅವರಿಗೆ ಒಪ್ಪಿಗೆಯಾಗಲಿಲ್ಲ.

ಗುಳಿಗೆ ಬರೆದುಕೊಟ್ಟರು. ಆರಾರು ತಾಸಿಗೊಂದು. ಮುಂಜಾನೆ ಆರು, ಮಧ್ಯಾಹ್ನ ಹನ್ನೆರಡು, ಸಂಜೆ ಆರು, ರಾತ್ರಿ ಹನ್ನೆರಡು. "ಇದು ಸತ್ತದ್ದನ್ನ ಎಬ್ಬಸೂದಿಲ್ಲ. ಚೊಲೋ ಮಾಂಸದ ದಣಿವು ಸ್ವಲ್ಪ ಉದ್ದ ಮಾಡ್ತದ. ಸುತ್ತು ಹಾಕಿ ಬಂದ ಕರೆಂಟಿಗೆ ಅದು ತಯಾರ ಸಿಗಬಾರ್ದು, ಅಷ್ಟೇ. ಆರು ತಾಸಿಗೆ ಇದರ ಬಲ ಇಳೀತದ." ಆಮೇಲೆ ಚೀಟಿಯನ್ನು ಗಂಡನಿಗೆ ಕೊಡದೆ ನನಗೆ ಕೊಟ್ಟರು. "ಇವರು ನನ್ನ ಜೋಡಿ ವಾದಾ ಮಾಡ್ಲತ್ತಾರ. ಗುಳಿಗಿ ನಿಮ್ಮ ಕೈಯಾಗ ಇರ್ಲಿ ಅಕ್ಕಾ. ತಪ್ಪಿತಂದ್ರ ಹೊಳ್ಳಿ ಓಡ್ತದ. ಹೊಳ್ಳಿ ಓಡಿದ್ರ ನಿಂದರ್ತದಂತ ನಾ ಬರದು ಕೊಡಂಗಿಲ್ಲ."

ಒಂದು ಸಲ ತಪ್ಪಿದರೆ ಮುಂದೆ ಏನು ಮಾಡಬೇಕು ಎಂದು ನಾನು ಕೇಳಲಿಲ್ಲ. ಅವರು ಹೇಳಲಿಲ್ಲ. ಇಷ್ಟು ಸ್ಪಷ್ಟವಾಗಿ ಹೇಳಿದ ಮೇಲೆ ತಪ್ಪಿಸುವ ಹೆಂಗಸು ಇರುತ್ತಾಳೆ ಎಂದು ಅವರಿಗೆ ಅನಿಸಿರಲಿಕ್ಕಿಲ್ಲ.

ಹನ್ನೆರಡು ದಿನಕ್ಕೆ ನಾಶಿಕಕ್ಕೆ ವಾಪಸ್ ಬಂದೆವು. ಮೂರು ತಿಂಗಳು ರಜೆ. ಒಂದು ಗಡಿಯಾರ ಕೊಂಡೆ, ಗಂಟೆ ಹೊಡೆಯುವಂಥದು. ಹದಿನೈದು ದಿನ ಒಂದೂ ತಪ್ಪಲಿಲ್ಲ. ಗುಳಿಗೆಗೆ ಅವರ ಹೊಟ್ಟೆ ಕೆಟ್ಟಿತು. ದಿನಕ್ಕೆ ಐದಾರು ಸಲ ಚೊಂಬು ಹಿಡಿದು ಹೋಗುತ್ತಿದ್ದರು. "ಎದಿ ಓಡೂದು ನಿಂತದ, ಈಗ ನಾ ಓಡ್ಲತ್ತೀನಿ" ಎಂದು ಚಾಳಿನವರನ್ನೆಲ್ಲ ನಗಿಸುತ್ತಿದ್ದರು.

ಅತ್ತೆ ನಗಲಿಲ್ಲ. ಅವರಿಗೆ ಮುಂಜಾನೆ ಆರರ ಗುಳಿಗೆ ಗಂಟಲಲ್ಲಿ ಮುಳ್ಳು. ನಮ್ಮ ಮನೆಯಲ್ಲಿ ಸ್ನಾನ ಮಾಡಿ, ವಿಭೂತಿ ಹಚ್ಚಿ, ಲಿಂಗವನ್ನು ಅಂಗೈಯಲ್ಲಿಟ್ಟು ಪೂಜೆ ಮಾಡುವ ತನಕ ಬಾಯಿಗೆ ನೀರು ಸಹ ಹಾಕುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ನಡೆದದ್ದು ಆಸ್ಪತ್ರೆಯಲ್ಲಿ ನಡೆಯಿತು. ಮನೆಗೆ ಬಂದ ಮೇಲೂ ನಾನು ಎಬ್ಬಿಸಿ ಹಾಸಿಗೆಯಲ್ಲೇ ನುಂಗಿಸುತ್ತಿದ್ದೆ.

"ಹಾಸಿಗಿ ಮ್ಯಾಲ, ಬಾಯಿ ತೊಳಿಲಾರ್ದ!" ಅಂದರು ಒಂದು ದಿನ. "ನಿನ್ನ ತವರ‍್ಯಾಗ ಹಂಗ ನಡೀತಿತ್ತೇನೋ. ಈ ಮನ್ಯಾಗ ನನ್ನ ಮಗ ಹುಟ್ಟಿದಾಗಿಂದ ಲಿಂಗಕ್ಕ ಮೊದಲು ಏನೂ ನುಂಗಿಲ್ಲ."

"ಅನ್ನ ಅಲ್ಲತ್ತೀ, ಔಷಧ."

"ಗಂಟಲದಾಗ ಇಳಿಯೂದೆಲ್ಲ ಒಂದೇ. ಎರಡು ತಾಸು ತಡಾ ಆದ್ರ ಏನ್ ಮುಳಗ್ತದ?"

ಗಂಡ ಆಕಡೆ ಮಗ್ಗುಲಾಗಿ ಅಂದರು, "ಅವ್ವ ಹೇಳೂದು ಖರೆ ಅದ. ಸತ್ತ ಲೈನಿಗೆ ಇಷ್ಟು ಪಹರೆ ಯಾಕ? ಆರಾಮ ಇದ್ದೀನಿ ನಾ."

ಮುಂಜಾನೆಯ ಗುಳಿಗೆ ಎಂಟಕ್ಕೆ ಸರಿಯಿತು. ಏನೂ ಆಗಲಿಲ್ಲ. ಏನೂ ಆಗದ್ದೇ ಕೆಟ್ಟದ್ದಾಯಿತು, ನಮಗೆಲ್ಲ ಧೈರ್ಯ ಬಂತು.

ಶ್ರಾವಣ ಬಂತು. ಶ್ರಾವಣ ಸೋಮವಾರ ನಮ್ಮ ಮನೆಯ ಗಂಡಸರು ಸೂರ್ಯ ಮುಳುಗುವ ತನಕ ನಿರಾಹಾರ. ನೀರೂ ಇಲ್ಲ. ಗಂಡ ಎಂದೂ ಬಿಟ್ಟವರಲ್ಲ. ಮೊದಲ ಸೋಮವಾರ ನಾನು ಬೇಡವೆಂದು ಹೇಳಿ ನೋಡಿದೆ. ಜಗಳವಾಯಿತು. ಬದುಕಿ ಬಂದ ವರ್ಷವೇ ಉಪವಾಸ ಮುರಿಯುವುದೇ ಎಂದು ಅತ್ತೆ ಅತ್ತರು. ಗಂಡ ಗುಳಿಗೆಗೆ ಬಾಯಿ ತೆರೆಯಲಿಲ್ಲ. ಆಗ ನಾನೊಂದು ಲೆಕ್ಕ ಹಾಕಿದೆ. ಮುಂಜಾನೆಯದು, ಮಧ್ಯಾಹ್ನದ್ದು ತಪ್ಪುತ್ತದೆ. ಸಂಜೆಯ ಪೂಜೆಯಾದ ಮೇಲೆ ಆ ಎರಡನ್ನೂ ಸಂಜೆಯದರ ಜೊತೆ ಸೇರಿಸಿ ಮೂರೂ ಕೊಟ್ಟರಾಯಿತು. ಹೊಲದಲ್ಲಿ ಎರಡು ಹೊತ್ತು ಊಟ ತಪ್ಪಿದವನು ಮೂರನೆಯ ಹೊತ್ತಿಗೆ ಹೆಚ್ಚು ಉಣ್ಣುತ್ತಾನೆ, ಅವನ ಹೊಟ್ಟೆ ಸರಿಯಾಗುತ್ತದೆ. ಔಷಧವೂ ಹಾಗೇ ಅಂದುಕೊಂಡೆ. ಈ ಲೆಕ್ಕ ಅತ್ತೆಯದಲ್ಲ, ಗಂಡನದಲ್ಲ. ನನ್ನದು. ಅತ್ತೆಗೆ ಹೇಳಿದಾಗ ಅವರ ಮುಖ ಅರಳಿತು. "ನೀ ಶಾಣ್ಯಾಕಿ" ಅಂದರು. ಅವರು ನನಗೆ ಹಾಗೆ ಅಂದದ್ದು ಅದೊಂದೇ ಸಲ.

ಮೂರು ಗುಳಿಗೆ ಒಟ್ಟಿಗೆ ನುಂಗಿ ಆವತ್ತು ಗಂಡ ವಾಂತಿ ಮಾಡಿಕೊಂಡರು, ಕಿವಿಯಲ್ಲಿ ಗುಂಯ್ ಅನ್ನುತ್ತದೆ ಅಂದರು. ಖಾಲಿ ಹೊಟ್ಟೆ, ಅದಕ್ಕೇ ಅಂದೆ. ಎರಡನೆಯ ಸೋಮವಾರವೂ ಹಾಗೇ ಮಾಡಿದೆ.

ಮೂರನೆಯ ಸೋಮವಾರ ಮಧ್ಯಾಹ್ನ ನಾಲ್ಕರ ಸುಮಾರಿಗೆ ನಾನು ಸಂಜೆಯ ಅಡುಗೆಗೆ ಹಿಟ್ಟು ನಾದುತ್ತಿದ್ದೆ. ಒಳಗಿನ ಖೋಲಿಯಿಂದ ಅತ್ತೆ ಕೂಗಿದರು. ಹೋಗಿ ನೋಡಿದರೆ ಗಂಡ ಗೋಡೆಗೆ ಒರಗಿ ಕೂತಿದ್ದರು, ಕಣ್ಣು ತೆರೆದಿತ್ತು, ಕುತ್ತಿಗೆಯಲ್ಲಿ ಅದೇ ಪಟಪಟ. ಹಿಟ್ಟಿನ ಕೈಯಲ್ಲೇ ಗುಳಿಗೆ ತಂದು ಬಾಯಿಗೆ ಹಿಡಿದೆ. ಹಲ್ಲು ಕಚ್ಚಿದರು. "ಹೊತ್ತು ಮುಳಗಿಲ್ಲ" ಅಂದರು.

ಟಾಂಗಾ ಹುಡುಕಿ ಓಡಿದೆ. ಶ್ರಾವಣ ಸೋಮವಾರ, ಊರಿನ ಟಾಂಗಾಗಳೆಲ್ಲ ತ್ರ್ಯಂಬಕಕ್ಕೆ ಹೋಗುವವರನ್ನು ಹೊತ್ತು ಬಸ್ ಸ್ಟ್ಯಾಂಡಿನಲ್ಲಿದ್ದವು. ತರಕಾರಿಯವನ ಕೈಗಾಡಿಯ ಮೇಲೆ ಮಲಗಿಸಿ, ನಾನೂ ಅವನೂ ತಳ್ಳಿಕೊಂಡು ಹತ್ತಿರದ ಆಸ್ಪತ್ರೆಗೆ ಒಯ್ದೆವು. ಅತ್ತೆ ಹಿಂದೆ ಓಡಿಬಂದರು.

ಅಲ್ಲಿನ ಡಾಕ್ಟರು ವಯಸ್ಸಾದವರು, ಮರಾಠಿಯವರು. ಔರಂಗಾಬಾದಿನ ಚೀಟಿ ಓದಿದರು. ಕಡೆಯ ಗುಳಿಗೆ ಯಾವಾಗ ಕೊಟ್ಟೆ ಎಂದು ಕೇಳಿದರು.

ನಿನ್ನೆ ರಾತ್ರಿ ಹನ್ನೆರಡಕ್ಕೆ ಎಂದೆ.

ಅವರು ಗಡಿಯಾರ ನೋಡಿದರು. ಇವತ್ತಿನವು ಎಲ್ಲಿ ಎಂದು ಕೇಳಿದರು. ಉಪವಾಸ ಎಂದರು ಅತ್ತೆ. ನಾನು ಮುಚ್ಚಿಡಲಿಲ್ಲ. ಹೋದ ಎರಡು ವಾರ ಸಂಜೆ ಮೂರೂ ಕೂಡಿಸಿ ಕೊಟ್ಟದ್ದನ್ನೂ ಹೇಳಿದೆ. ಅವರು ಸೂಜಿಗೆ ಔಷಧ ತುಂಬುತ್ತಿದ್ದ ಕೈ ನಿಲ್ಲಿಸಿ ನನ್ನನ್ನು ನೋಡಿದರು.

"ಬಾಯೀ, ಹಗಲೆಲ್ಲ ಔಷಧವಿಲ್ಲದೆ ಕೂರಿಸಿದಿರಿ, ಸಂಜೆಗೆ ವಿಷದಷ್ಟು ಕೊಟ್ಟಿರಿ. ಕೊಡದೆ ಬಿಟ್ಟರೆ ಇದು ಓಡುತ್ತದೆ. ಅಷ್ಟು ಕೊಟ್ಟರೆ ನಿಂತೇ ಹೋಗಬಹುದು. ಎರಡೂ ಮಾಡಿದ್ದೀರಿ" ಎಂದರು. ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟು ಮಾಡಿದ್ದರೆ ನನಗೆ ಹಗುರಾಗುತ್ತಿತ್ತು.

ಮೊದಲ ಸೂಜಿಗೆ ನಿಲ್ಲಲಿಲ್ಲ. ಎರಡನೆಯದಕ್ಕೂ ಇಲ್ಲ. ಹೊರಗಿನಿಂದ ಕರೆಂಟ್ ಕೊಟ್ಟು ಹೃದಯವನ್ನು ಹದಕ್ಕೆ ತರುವ ಮಷೀನು ಮುಂಬೈಯಲ್ಲಿದೆ, ಇಲ್ಲಿಲ್ಲ, ಅಲ್ಲಿಯ ತನಕ ಇವರು ತಾಳುವುದಿಲ್ಲ ಎಂದರು. ಎರಡು ತಾಸು ಓಡಿತು. ತುಟಿ ನೀಲಿಯಾಯಿತು. ಎದೆಯೊಳಗೆ ನೀರು ತುಂಬಿ ಉಸಿರಾಟ ಹುಕ್ಕಾದ ಹಾಗೆ ಗುಳುಗುಳು ಅಂತಿತ್ತು. ಮನುಷ್ಯನ ಮುಕ್ಕಾಲು ಪಾಲು ಹೃದಯ ಚೆನ್ನಾಗಿದೆ, ಕೆಲಸ ಮಾಡಲು ಸಿದ್ಧವಿದೆ. ಎರಡು ಬೆರಳಗಲ ಸತ್ತ ಜಾಗದ ಸುತ್ತ ಸಿಕ್ಕಿಕೊಂಡು ಅದು ತನ್ನನ್ನು ತಾನೇ ಕೊಲ್ಲುತ್ತಿದೆ. ನಾನು ಕಾಲ ಹತ್ತಿರ ನಿಂತು ನೋಡಿದೆ. ದೇವರಿಗೆ ಹರಕೆ ಹೊರಲಿಲ್ಲ. ಹೊರಬೇಕು ಎಂದು ತೋಚಲಿಲ್ಲ. ಕೈಯ ಹಿಟ್ಟು ಒಣಗಿ ಬಿರುಕು ಬಿಟ್ಟಿತ್ತು, ಅದನ್ನು ಉಗುರಿನಿಂದ ಕೆರೆಯುತ್ತಿದ್ದೆ.

ಮೂರನೆಯ ಸೂಜಿಗೆ, ದೀಪ ಹಚ್ಚುವ ಹೊತ್ತಿಗೆ, ಓಟ ನಿಂತಿತು.

ಸ್ವಲ್ಪ ಹೊತ್ತಿನ ಮೇಲೆ ಗಂಡ ಕಣ್ಣು ಬಿಟ್ಟು ನನ್ನನ್ನು ಹತ್ತಿರ ಕರೆದರು. "ಕೆಲಸದಾಗ ಹಿಂಗಾಗ್ತದ" ಅಂದರು, ದನಿ ಇರಲಿಲ್ಲ, ತುಟಿಯಷ್ಟೇ. "ಈ ಕಡಿಂದ ಸ್ವಿಚ್ ತೆಗದಿರ್ತೀವಿ. ಲೈನ್ ಸತ್ತದ ಅಂತ ಕೈ ಹಾಕ್ತೀವಿ. ಆ ಕಡಿಂದ ಯಾವುದೋ ದಾರಿ ಹಿಡದು ಕರೆಂಟ್ ಹೊಳ್ಳಿ ಬಂದಿರ್ತದ. ಹಂಗ ಇಬ್ಬರು ಸತ್ತದ್ದು ನಾ ನೋಡೀನಿ." ಎರಡು ತಿಂಗಳ ಹಿಂದೆ ಡಾಕ್ಟರು ಹೇಳಿದ್ದು ಅವರಿಗೆ ಆಗ ಒಪ್ಪಿಗೆಯಾಯಿತು.

ಹೊರಗಿನ ಬೆಂಚಿನ ಮೇಲೆ ಅತ್ತೆ ಕೂತಿದ್ದರು. "ಉಪವಾಸ ಹಿಡದಿದ್ದಕ್ಕ ಉಳದ ನನ್ನ ಮಗ" ಅಂದರು.

"ಉಪವಾಸಕ್ಕ ಸಾಯ್ತಿದ್ರತ್ತೀ. ನೀವು ಹಟ ಹಿಡದ್ರಿ, ನಾ ಲೆಕ್ಕಾ ಹಾಕಿದೆ. ಕೊಲ್ಲೂ ಕೆಲಸ ಇಬ್ಬರೂ ಕೂಡಿ ಮಾಡೇವಿ."

"ನಾಲಿಗಿ ಹಿಡಿ."

"ಹಿಡದದ್ದಕ್ಕೇ ಇಲ್ಲಿ ತನಕ ಬಂತು."

ಆ ಮೇಲೆ ನಾವಿಬ್ಬರೂ ಬಹಳ ವರ್ಷ ಸರಿಯಾಗಿ ಮಾತಾಡಲಿಲ್ಲ.

ಎರಡು ತಾಸಿನ ಓಟದಲ್ಲಿ ಗಂಡನ ಹೃದಯದ ಬಲ ಇಳಿಯಿತು. ಏಣಿ ಮತ್ತೆ ಹತ್ತಲಿಲ್ಲ. ಹದಿನಾಲ್ಕು ತಿಂಗಳು ಬದುಕಿದರು. ಆ ಹದಿನಾಲ್ಕು ತಿಂಗಳಲ್ಲಿ ಒಂದು ಗುಳಿಗೆಯೂ ತಪ್ಪಲಿಲ್ಲ, ಆದರೂ ಒಂದು ದಿನ ಬಸ್ಸಿಗೆ ನಿಂತಾಗ ಬಿದ್ದರು, ಅಲ್ಲೇ ಮುಗಿಯಿತು. ಸತ್ತ ಜಾಗ ಅಷ್ಟೇ ಇದ್ದರೂ ಬದುಕಿದ್ದು ದಿನದಿನಕ್ಕೆ ಸೋಲುತ್ತದೆ ಎಂದು ಡಾಕ್ಟರು ಹೇಳಿದರು. ಆ ಸೋಮವಾರ ನನ್ನ ಲೆಕ್ಕ ಇಲ್ಲದಿದ್ದರೆ ಎಷ್ಟು ದಿನ ಹೆಚ್ಚು ಬದುಕುತ್ತಿದ್ದರು ಎಂದು ಕೇಳಿದೆ. ಅವರು ಸಾವಿನ ಚೀಟಿಗೆ ಸಹಿ ಹಾಕಿ ನನ್ನ ಕೈಗೆ ಕೊಟ್ಟರು.

ಆ ಸೋಮವಾರದ ಮರುದಿನ ಮುಂಜಾನೆ ಆರಕ್ಕೆ ನಾನು ವಾರ್ಡಿನಲ್ಲಿದ್ದೆ. ಅತ್ತೆ ಮನೆಗೆ ಹೋಗಿ ಸ್ನಾನ ಮಾಡಿ, ಚೊಂಬಿನಲ್ಲಿ ನೀರು, ವಿಭೂತಿ, ಎರಡು ಹೂವು ಹಿಡಿದುಕೊಂಡು ಮಂಚದ ಬದಿಗೆ ಬಂದು ನಿಂತಿದ್ದರು. ನಾನು ಗುಳಿಗೆ ತೆಗೆದೆ.

"ಮೊದಲು ಪೂಜಾ ಆಗ್ಲಿ" ಅಂದರು ಅತ್ತೆ.

"ಬಾಯಿ ತೆಗೀರಿ" ಎಂದೆ ಗಂಡನಿಗೆ.

"ಅವ್ವ ನಿಂತಾಳ" ಅಂದರು.

"ನಿಂದರ್ಲಿ."

ಅವರು ತೆಗೆಯಲಿಲ್ಲ. ಎಡಗೈಯಿಂದ ದವಡೆ ಹಿಡಿದು ಒತ್ತಿದೆ, ಕೂಸಿಗೆ ಒತ್ತಿದ ಹಾಗೆ. ಬಾಯಿ ತೆರೆಯಿತು. ಗುಳಿಗೆಯನ್ನು ನಾಲಿಗೆಯ ಬುಡಕ್ಕೆ ಹಾಕಿದೆ. ಅತ್ತೆಯ ಕೈಯಿಂದ ಪೂಜೆಯ ಚೊಂಬು ಕಿತ್ತುಕೊಂಡು ಅದೇ ನೀರು ಕುಡಿಸಿದೆ. ಗಂಟಲು ಇಳಿದು ಏರುವುದನ್ನು ನೋಡಿದೆ. ಬಾಯಿ ಮತ್ತೆ ತೆರೆಸಿ ನಾಲಿಗೆಯ ಕೆಳಗೂ ನೋಡಿದೆ. ಇರಲಿಲ್ಲ. ಚೊಂಬನ್ನು ಅತ್ತೆಯ ಕೈಗೆ ವಾಪಸ್ ಕೊಟ್ಟು, "ಈಗ ಪೂಜಾ ಮಾಡಸ್ರಿ" ಎಂದೆ. ಹನ್ನೆರಡರ ಗುಳಿಗೆಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು, ಮಂಚದ ಕಾಲಿನ ಹತ್ತಿರ ನೆಲದ ಮೇಲೆ ಕೂತೆ.